ಹೆಚ್ಚುವರಿ ಪದ

ಬೆಳಗಿನ ಐದು ಗಂಟೆ. ಮಂಜಿನ ಮೇಲೆ ಹ್ಯಾಡಕ್ ಮೀನು,
ಬೆಲ್ಟಿನಾಚೆ ನನ್ನೆದುರು ಜಿವಿಲೆ.
ಅವಳ ಎಡಗೈಯ ಗ್ಲೌಸಿನೊಳಗೆ, ಮಣಿಕಟ್ಟಿನ ಹತ್ತಿರ,
ಮಡಿಸಿಟ್ಟ ಒಂದು ಚೀಟಿ: ದಿನಕ್ಕೊಂದು ಪದ.
ಪೆಪ್ಪರ್‌ಮಿಂಟಿನ ಹಾಗೆ ಅದನ್ನು ಈ ದವಡೆಯಿಂದ ಆ ದವಡೆಗೆ
ಹೊರಳಿಸುತ್ತ ಮೀನು ಸೀಳುತ್ತಿದ್ದಳು.

"ಲುಗೂಬ್ರಿಯಸ್."
ಏನದು, ಕಾಯಿಲೆಯಾ? ಅಂದೆ.
"ಅಲ್ಲ ಎಲ್ಸ್‌ಪೆಟ್, ಜೋಲುಮೋರೆ. ಬೇಕೆಂದೇ ಹಾಕಿಕೊಂಡದ್ದು.
ಅಳು ಒಳಗಿರುವುದಿಲ್ಲ, ಮುಖಕ್ಕೆ ಮೆತ್ತಿರುತ್ತದೆ."
ಟ್ರೇಯಲ್ಲಿದ್ದ ಮೀನಿನ ಮುಖ ನೋಡಿದೆ.
ಆಮೇಲೆ ಸೂಪರ್‌ವೈಸರ್ ಗಾರ್ಡನ್ನನ ಮುಖ.
ನಗು ತಡೆಯಲಾಗಲಿಲ್ಲ. ಚಾಕು ಜಾರಿತು,
ಹೆಬ್ಬೆರಳಿಗೆ ಮೂರು ಹೊಲಿಗೆ.

ಇಂಗ್ಲಿಷು ನನ್ನದು.
ಪೀಟರ್‌ಹೆಡ್ಡಿನ ಕೆಂಪು ಕಲ್ಲಿನ ಗೋಡೆಗಳ ನಡುವೆ
ಹಾಲಿನ ಜೊತೆಗೇ ಬಾಯಿಗೆ ಬಂದದ್ದು.
ಅದರಲ್ಲೇ ಬೈದಿದ್ದೇನೆ, ಅದರಲ್ಲೇ ಕೂಗಿ ಹೆತ್ತಿದ್ದೇನೆ,
ಒಬ್ಬ ಗಂಡನನ್ನು ಅದರಲ್ಲೇ ಮನೆಯಿಂದಾಚೆ ಕಳಿಸಿದ್ದೇನೆ.
ಆ ಮನೆಗೊಂದು ಅಟ್ಟವಿದೆ,
ಅಟ್ಟದ ಮೇಲೆ ಇಷ್ಟೊಂದು ಪಾತ್ರೆಪಗಡಿಯಿದೆ ಎಂದು
ಲಿಥುವೇನಿಯಾದವಳು ಬಂದು ಏಣಿ ಹಾಕಿ ತೋರಿಸಬೇಕಾಯಿತು.

ಅವಳಿಗೆ ನವೆಂಬರಿನಲ್ಲಿ ಪರೀಕ್ಷೆ.
ಪಾಸಾದರೆ ಕೋರ್ಟಿನಲ್ಲಿ ದುಭಾಷಿ, ಒಣಗಿದ ಕಾಲು, ಕುರ್ಚಿ.
ಆದರೆ ಊರಿನ ಮಾತು ಮಾತ್ರ ಅವಳಿಗೆ ಹತ್ತುತ್ತಿರಲಿಲ್ಲ.
ಗಾರ್ಡನ್ ದಿನಾ ಬೆಳಿಗ್ಗೆ ಕೇಳುತ್ತಿದ್ದ: "ಫಿಟ್ ಲೈಕ್?"
ಹೇಗಿದ್ದೀಯ ಅಂತ, ಅಷ್ಟೇ.
ಅವಳು ಡಿಕ್ಷನರಿ ತೆರೆದು ನೋಡಿದ್ದಳಂತೆ.
ಫಿಟ್, ಯೋಗ್ಯ. ಲೈಕ್, ಇಷ್ಟ.
ಯೋಗ್ಯವಾದದ್ದು ಇಷ್ಟವೇ ಎನ್ನುತ್ತಿದ್ದಾನೆಂದುಕೊಂಡು
ಒಂದು ತಿಂಗಳು ತಲೆಬಾಗಿ "ಖಂಡಿತ" ಎಂದಿದ್ದಳು.

ಆಗಸ್ಟಿನ ಒಂದು ದಿನ ಚೀಟಿಯಲ್ಲಿ 'ರಿಡಂಡೆಂಟ್.'
"ಆಡಿದ್ದನ್ನೇ ಆಡುವುದು," ಅಂದಳು.
"ಸತ್ತ ಹೆಣ. ಒದ್ದೆ ನೀರು.
ಕಿತ್ತು ಹಾಕಿದರೂ ವಾಕ್ಯಕ್ಕೆ ನೋವಾಗುವುದಿಲ್ಲ."
ನಾನು ಏನೂ ಹೇಳಲಿಲ್ಲ. ಬೆಲ್ಟಿನ ಸದ್ದು ಬಹಳವಿತ್ತು.

ಅಕ್ಟೋಬರಿನ ಎರಡನೇ ಗುರುವಾರ
ಲಾಕರಿಗೊಂದು ಬಿಳಿ ಲಕೋಟೆ.
ಜಿವಿಲೆ ಓದಿದಳು. ಮತ್ತೊಮ್ಮೆ ಓದಿದಳು. ಸಣ್ಣಗೆ ನಕ್ಕಳು.
"ಆಫೀಸಿನವರು ತಪ್ಪು ಬರೆದಿದ್ದಾರೆ.
ಇದು ವಾಕ್ಯಕ್ಕೆ ಹೇಳುವ ಪದ, ಎಲ್ಸ್‌ಪೆಟ್.
ಮನುಷ್ಯರಿಗೆ ಹೇಳುವುದಿಲ್ಲ."

ಈ ಒಂದು ಪದ ನನಗೆ ಗೊತ್ತಿತ್ತು.
ಡಬ್ಬಿ ಕಾರ್ಖಾನೆ ಮುಚ್ಚಿದಾಗ ಅಪ್ಪನ ಹೆಸರಿಗೆ ಬಂದಿತ್ತು,
ಆಮೇಲೆ ತಂಗಿಯ ಹೆಸರಿಗೆ, ಎರಡು ಸಲ.
ಇಲ್ಲಿನ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುತ್ತಾರೆ.
ಇದು ಅಟ್ಟದ್ದಲ್ಲ ಹುಡುಗಿ,
ಹೊಸ್ತಿಲಿನದು.

ಅವಳಿಗೆ ನಾನು ಅರ್ಥ ಹೇಳಿದ್ದು ಅದೊಂದೇ ಸಲ.
ಗ್ಲೌಸು ಕಳಚಿ, ಜೇಬಿನಿಂದ ನೋಟ್‌ಬುಕ್ ತೆಗೆದು,
ಆಗಸ್ಟಿನ ಪುಟ ಹುಡುಕಿ,
ಹಳೆಯ ಅರ್ಥದ ಕೆಳಗೆ 'ಎರಡು' ಎಂದು ಅಂಕಿ ಹಾಕಿ ಬರೆದುಕೊಂಡಳು.
ಬೆರಳು ಒದ್ದೆಯಿತ್ತು, ಶಾಯಿ ಹರಡಿತು.

ಆಮೇಲೆ ಒಬ್ಬೊಬ್ಬರೇ ಬಂದರು.
ಇಲ್ಲೇ ಹುಟ್ಟಿ ಬೆಳೆದವರು, ಕನ್ನಡಕ ತರದವರು,
ತಂದಿದ್ದರೂ ಪ್ರಯೋಜನವಿಲ್ಲದವರು,
ತಮ್ಮದೇ ಭಾಷೆಯ ಕಾಗದ ಹಿಡಿದುಕೊಂಡು.
ಮೀನಿನ ಕ್ರೇಟು ಬೋರಲು ಹಾಕಿ ಅದರ ಮೇಲೆ ಕೂತಳು.
'ಪರ್ಸ್ಯುಯೆಂಟ್' ಎಂದರೆ ಇದಕ್ಕನುಸಾರವಾಗಿ.
'ಎಕ್ಸ್ ಗ್ರೇಷಿಯಾ' ಎಂದರೆ
ಕೊಡಲೇಬೇಕೆಂದಿಲ್ಲ, ಆದರೂ ಕೊಡುತ್ತೇವೆ.
ಎಷ್ಟು? ಎಂದು ಮುದುಕ ಸಿಂಕ್ಲೇರ್ ಕೇಳಿದ.
"ಅದನ್ನು ಈ ಪದ ಹೇಳುವುದಿಲ್ಲ."

ಕೊನೆಗೆ ಗಾರ್ಡನ್ ಬಂದ.
ಅವನ ಕೈಯಲ್ಲೂ ಅದೇ ಲಕೋಟೆ.
ಅವಳೇ ಮೊದಲು ಕೇಳಿದಳು, "ಫಿಟ್ ಲೈಕ್, ಗಾರ್ಡನ್?"
ಅವನ ಮುಖ ನೋಡಿದೆ.
ಅದೇ ಜೋಲುಮೋರೆ, ಆದರೆ ಅಳು ಈ ಸಲ ಒಳಗೂ ಇತ್ತು.
ಅದಕ್ಕೆ ಬೇರೆ ಪದವಿರಬೇಕು.
ನಾನು ಕೇಳಲಿಲ್ಲ.